ಹಿಡಿಕೆಗೆ ಕಟ್ಟಿದ ಕರವಸ್ತ್ರ

ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ ಯಾರೂ ಮುಖ್ಯವಾದ ಮಾತು ಹೇಳಬಾರದು. ಹೇಳಿದರೆ ಅದು ನನ್ನಂಥವಳ ಕೈಗೆ ಸಿಕ್ಕಿ ಹಾಳಾಗುತ್ತದೆ. ಇಪ್ಪತ್ತಮೂರು ವರ್ಷದಿಂದ ನಾನು ದುಭಾಷಿ. ಪರ್ಷಿಯನ್ ಬಿಟ್ಟು ಬೇರೆ ಮಾತು ಬಾರದವರು ಕಚೇರಿಯಲ್ಲೋ ಆಸ್ಪತ್ರೆಯಲ್ಲೋ ಸಿಕ್ಕಿಬಿದ್ದರೆ ನನಗೆ ಫೋನು ಬರುತ್ತದೆ. ಅವರು ಹೇಳಿದ್ದನ್ನು ಇವರಿಗೆ, ಇವರು ಕೇಳಿದ್ದನ್ನು ಅವರಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡು, ಎರಡು ಬಸ್ಸು ಬದಲಿಸಿ ಮನೆ ಸೇರುತ್ತೇನೆ. ಅಲ್ಲಿ ಅತ್ತೆಯ ಜೊತೆ ಮತ್ತೆ ಅದೇ ಪರ್ಷಿಯನ್. ಈ ಲಾಂಡ್ರಿಯ ವಿಚಾರಣೆ ಬರುವ ಹೊತ್ತಿಗೆ ನನಗೆ ಮನುಷ್ಯರ ಮಾತೇ ಸಾಕಾಗಿಹೋಗಿತ್ತು.

ಆ ಭಾಷೆಯನ್ನು ನನ್ನ ಬಾಯಿಗೆ ಹಾಕಿದವರೇ ಅತ್ತೆ. ಮದುವೆಯಾಗಿ ಬಂದಾಗ ಆ ಮನೆಯ ಮಾತಿನಲ್ಲಿ ನನಗೆ ಗೊತ್ತಿದ್ದದ್ದು ನೀರು, ಉಪ್ಪು, ಬಾಗಿಲು, ಇಷ್ಟೇ. ದಿನಾ ಸಂಜೆ ಒಲೆಯ ಪಕ್ಕ ಕೂರಿಸಿಕೊಂಡು, "ಇವತ್ತು ಏನೇನಾಯ್ತು ಹೇಳು" ಎನ್ನುತ್ತಿದ್ದರು. ನಾನು ಬಾಯಿಗೆ ಬಂದಂತೆ ಶುರು ಮಾಡಿದರೆ ಅರ್ಧಕ್ಕೇ ತಡೆಯುತ್ತಿದ್ದರು.

"ನಿಲ್ಲಿಸು, ನಿಲ್ಲಿಸು. ಹಾಲು ಉಕ್ಕಿದ್ದು ಮೊದಲೋ, ಬಾಗಿಲು ಬಡಿದದ್ದು ಮೊದಲೋ? ತಲೆಬುಡ ಇಲ್ಲದೆ ಹೇಳಿದ್ರೆ ಯಾರಿಗೆ ಅರ್ಥ ಆಗುತ್ತೆ? ಮೊದಲು ಏನಾಯ್ತು ಹೇಳು, ಆಮೇಲೆ ಆಮೇಲಿಂದು."

ಹಾಗೆ ಬೈಸಿಕೊಂಡೇ ನಾನು ಹಿಂದೆ ನಡೆದದ್ದನ್ನು ಒಂದಕ್ಕೊಂದು ಕಟ್ಟುವುದನ್ನು ಕಲಿತೆ. ವಗ್ತೀ ಕೆ ಅಂದರೆ 'ಆದಾಗ'. ಹಮೀನ್ ಕೆ ಅಂದರೆ 'ಆದ ಕೂಡಲೇ'. ಬಅದ್ ಅಜ್ ಈನ್‌ಕೆ, 'ಆದ ಮೇಲೆ'. ಪೀಶ್ ಅಜ್ ಈನ್‌ಕೆ, 'ಆಗುವ ಮೊದಲು'. ಈ ನಾಲ್ಕು ಕೈಗೆ ಬಂದ ದಿನ ಅತ್ತೆ ನನ್ನ ತಟ್ಟೆಗೆ ಒಂದು ಚಮಚ ಬೆಣ್ಣೆ ಜಾಸ್ತಿ ಹಾಕಿದರು. ಅವರ ಮಗ ತೀರಿಕೊಂಡು ಹನ್ನೊಂದು ವರ್ಷವಾಯಿತು. ಈಗ ಆ ಮನೆಯಲ್ಲಿ ನಾವಿಬ್ಬರೇ, ಬೈಯುವವರು ಒಬ್ಬರು, ಬೈಸಿಕೊಳ್ಳುವವಳು ಒಬ್ಬಳು.

ಲಾಂಡ್ರಿಯ ವಿಷಯಕ್ಕೆ ಬರುತ್ತೇನೆ. ಹೋಟೆಲು ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಒಂದೇ ಮನೆಗೆ ಸೊಸೆಯರಾಗಿ ಬಂದ ಇಬ್ಬರು ವಾರಗಿತ್ತಿಯರು ಅಲ್ಲಿ ಒಂದೇ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಕರೆಯುವ ಹಾಗೆ ನಾನೂ ದೊಡ್ಡವಳು, ಚಿಕ್ಕವಳು ಎನ್ನುತ್ತೇನೆ. ಯಂತ್ರವೆಂದರೆ ಕಾದ ಉರುಳೆಗಳ ಸಾಲು, ಉದ್ದ ಒಂದು ಬಸ್ಸಿನಷ್ಟು. ಈ ಕಡೆಯಿಂದ ಒದ್ದೆ ಬಟ್ಟೆ ಕೊಟ್ಟರೆ ಆ ಕಡೆಯಿಂದ ಗರಿಗರಿಯಾಗಿ ಬರುತ್ತದೆ. ಉರುಳೆಗೆ ಸುತ್ತಿದ ದಪ್ಪ ಬಟ್ಟೆ ಆಗಾಗ ಸುಕ್ಕುಗಟ್ಟುತ್ತದೆ. ಆಗ ಯಂತ್ರ ನಿಲ್ಲಿಸಿ, ಒಬ್ಬಳು ಹಿಂದೆ ಹೋಗಿ ಕುಕ್ಕುರುಗಾಲಿನಲ್ಲಿ ಕೂತು, ಕೈ ಒಳಗೆ ಹಾಕಿ ಅದನ್ನು ಎಳೆದು ಸರಿ ಮಾಡಬೇಕು. ಹಿಂದೆ ಕೂತವಳು ಮುಂದೆ ನಿಂತವಳಿಗೆ ಕಾಣುವುದಿಲ್ಲ. ಆ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ.

ಅದಕ್ಕೆ ಕಂಪನಿಯವರು ಕೆಂಪು ಬಿಲ್ಲೆಗಳನ್ನು ಕೊಟ್ಟಿದ್ದರಂತೆ, ಯಂತ್ರ ನಡೆಸುವ ಹಿಡಿಕೆಗೆ ನೇತುಹಾಕಲು. ಅವು ಎಂದೋ ಮುರಿದುಹೋಗಿದ್ದವು. ಕೇಳಿ ಕೇಳಿ ಸುಸ್ತಾದ ಹೆಂಗಸರು ತಾವೇ ಒಂದು ದಾರಿ ಕಂಡುಕೊಂಡಿದ್ದರು. ಯಾರು ಒಳಗೆ ಕೈ ಹಾಕುತ್ತಾಳೋ ಅವಳು ತನ್ನ ಕರವಸ್ತ್ರವನ್ನು ಹಿಡಿಕೆಗೆ ಕಟ್ಟಿ ಹೋಗುವುದು. ಕೆಲಸ ಮುಗಿಸಿ ಬಂದು ಅವಳೇ ಬಿಚ್ಚುವುದು. ಇನ್ನೊಬ್ಬಳ ಕರವಸ್ತ್ರವನ್ನು ಯಾರೂ ಮುಟ್ಟುವ ಹಾಗಿಲ್ಲ. ಆರು ವರ್ಷದಲ್ಲಿ ಒಬ್ಬಳೂ ಮುಟ್ಟಿರಲಿಲ್ಲ.

ಅಂದು ಚಿಕ್ಕವಳ ಕೈ ಒಳಗಿದ್ದಾಗ ದೊಡ್ಡವಳು ಹಿಡಿಕೆ ಎಳೆದಳು. ಬಲಗೈಯ ಮೂರು ಬೆರಳು ಹೋದವು, ಉಳಿದದ್ದು ಸುಟ್ಟಿತು.

ತಪ್ಪು ಯಾರದ್ದೆಂದು ಗೊತ್ತುಮಾಡಲು ವಿಚಾರಣೆ ಕೂತಿತು. ದೊಡ್ಡವಳದ್ದೆಂದು ತೀರ್ಮಾನವಾದರೆ ಅವಳ ಕೆಲಸ ಹೋಗುತ್ತದೆ, ಯಂತ್ರವಿರುವ ಕಡೆ ಇನ್ನೆಲ್ಲೂ ಅವಳನ್ನು ತೆಗೆದುಕೊಳ್ಳುವುದಿಲ್ಲ. ಮನೆಯೊಳಗೆ ಏನಾಗುತ್ತದೆಂದು ಕಾನೂನಿನ ಪುಸ್ತಕದಲ್ಲಿ ಬರೆದಿರುವುದಿಲ್ಲ. ವಿಚಾರಣೆ ಮಾಡುತ್ತಿದ್ದ ಅಧಿಕಾರಿಗೆ ನಾನಿಟ್ಟ ಹೆಸರು ಗಡಿಯಾರದಪ್ಪ. ಕೆಟ್ಟವನಲ್ಲ, ಆದರೆ ಎದುರು ಕೂತವರಿಗಿಂತ ಗೋಡೆಯ ಗಡಿಯಾರವನ್ನೇ ಜಾಸ್ತಿ ನೋಡುತ್ತಿದ್ದ.

ಒಂದು ಮಂಗಳವಾರ ಮಧ್ಯಾಹ್ನ ದೊಡ್ಡವಳ ಹೇಳಿಕೆ ಬರೆದುಕೊಳ್ಳಲು ಕೂತೆವು. ನಲವತ್ತರ ಆಸುಪಾಸಿನ ಹೆಂಗಸು, ಬಿಸಿ ಹಬೆಯಲ್ಲಿ ನಿಂತು ನಿಂತು ಕೆನ್ನೆ ಎರಡೂ ಕೆಂಪಾಗಿದ್ದವು. ಅವಳು ಶುರು ಮಾಡಿದ್ದೇ ಚಿಕ್ಕವಳ ಕಿರುಚಾಟದಿಂದ.

"ಅವಳು ಕಿರುಚಿದ್ಲು ಅಮ್ಮ. ನಾನು ಹಿಡಿಕೆ ಮೇಲಕ್ಕೆ ತಳ್ಳಿದೆ. ಓಡಿಹೋದೆ. ಕೈಗೆ ಕಟ್ಟೋಕೆ ಏನೂ ಇಲ್ಲ. ಅವಳ ಕರವಸ್ತ್ರನೇ ಹುಡುಕಿದೆ, ನೀಲಿ ಅಂಚಿಂದು, ನಾನೇ ಹೊಲಿದುಕೊಟ್ಟಿದ್ದು. ಆ ಬುಟ್ಟಿಯಲ್ಲಿತ್ತು. ಬೆಳಿಗ್ಗೆ ಬಸ್ಸಲ್ಲಿ ಅವಳು ನನ್ನ ಭುಜದ ಮೇಲೆ ನಿದ್ದೆ ಮಾಡಿದ್ಲು. ನಾನು ಗಾಡಿ ತರೋಕೆ ಹೋಗಿದ್ದೆ..."

ಹೀಗೆ ಮುಕ್ಕಾಲು ಗಂಟೆ. ಕೊನೆಯಿಂದ ಮೊದಲಿಗೆ, ಮೊದಲಿಂದ ಮಧ್ಯಕ್ಕೆ, ನಡುವೆ ಅಳು. ಗಡಿಯಾರದಪ್ಪ ನಡುನಡುವೆ, "ದಿನಾ ಹೇಗೆ ಮಾಡ್ತಾರೆ ಕೇಳಿ" ಅಂದ, "ಅವತ್ತು ಹೇಗಾಯ್ತು ಕೇಳಿ" ಅಂದ. ನಾನು ಕೇಳಿದೆ. ಅವಳು ಎರಡನ್ನೂ ಹೇಳಿದಳು. ನಿಯಮದ ಪ್ರಕಾರ ನಾನು ಒಂದೊಂದೇ ಮಾತನ್ನು ಆಗಿಂದಾಗಲೇ ದಾಟಿಸಬೇಕು. ಆದರೆ ನನಗೆ ನನ್ನದೇ ಒಂದು ಪದ್ಧತಿ ಇತ್ತು. ಪೂರ್ತಿ ಕೇಳಿಸಿಕೊಳ್ಳುವುದು, ಚೀಟಿಯಲ್ಲಿ ಗುರುತು ಹಾಕಿಕೊಳ್ಳುವುದು, ಆಮೇಲೆ ಕಾಲಕ್ರಮದಲ್ಲಿ ಜೋಡಿಸಿ ಒಂದೇ ಸಲ ಹೇಳುವುದು. ಅಧಿಕಾರಿಗಳಿಗೆ ಇದು ಬಹಳ ಇಷ್ಟ. "ಆ ಮೇಡಂ ಕರೆಸಿ, ಬೇಗ ಮುಗಿಯುತ್ತೆ" ಎನ್ನುವ ಹೆಸರು ನನಗೆ ಬಂದದ್ದೇ ಹಾಗೆ.

ಐದಕ್ಕೆ ಹತ್ತು ನಿಮಿಷವಿತ್ತು. ಮಂಡಿ ನೋಯುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಗಡಿಯಾರದಪ್ಪ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ, "ಮೇಡಂ, ಕ್ರಮವಾಗಿ ಹೇಳಿಬಿಡಿ" ಎಂದ. ನಾನು ಹೇಳಿದೆ:

"ಯಂತ್ರ ನಿಲ್ಲಿಸಿದ ಮೇಲೆ ಚಿಕ್ಕವಳು ಹಿಡಿಕೆಗೆ ಕರವಸ್ತ್ರ ಕಟ್ಟಿ ಹಿಂದಕ್ಕೆ ಹೋದಳು. ಅವಳು ಕೈ ಒಳಗೆ ಹಾಕಿದ್ದಾಗ ನಾನು ಬಟ್ಟೆಯ ಗಾಡಿ ತಳ್ಳಿಕೊಂಡು ಬಂದೆ. ಬಂದ ಕೂಡಲೇ ಕರವಸ್ತ್ರ ಬಿಚ್ಚಿ ಹಿಡಿಕೆ ಎಳೆದೆ. ಕಿರುಚಿದ್ದು ಕೇಳಿದ ಮೇಲೆ ನಿಲ್ಲಿಸಿದೆ."

"ಜಡೆ ಹೆಣೆದ ಹಾಗಿದೆ ಮೇಡಂ" ಎಂದು ಅವನು ಹಾಗೆಯೇ ಟೈಪು ಮಾಡಿದ. ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಟೈಪಾದದ್ದನ್ನು ಹೇಳಿದವರಿಗೆ ಓದಿ ತಿಳಿಸಿ, ಆಮೇಲೆ ಸಹಿ ಹಾಕಿಸಬೇಕು. ಓದಿದರೆ ಇನ್ನೂ ಕಾಲು ಗಂಟೆ. ನನ್ನ ಬಸ್ಸು ಐದೂ ಐದಕ್ಕೆ, ಅದು ತಪ್ಪಿದರೆ ಮುಂದಿನದಕ್ಕೆ ಐವತ್ತು ನಿಮಿಷ ಕಾಯಬೇಕು. ನಾನು ಕಾಗದವನ್ನು ಅವಳ ಮುಂದೆ ಸರಿಸಿ, "ನೀವು ಹೇಳಿದ್ದೇ ಇದೆಯಮ್ಮ, ಸಹಿ ಹಾಕಿ" ಎಂದೆ. ಅವಳು ನನ್ನ ಮುಖ ನೋಡಿ ಹಾಕಿದಳು. ಗುರುತು ಹಾಕಿಕೊಂಡ ಚೀಟಿಗಳನ್ನು ನಿಯಮದಂತೆ ಹರಿದು ಬಾಗಿಲ ಬಳಿಯ ಡಬ್ಬಿಗೆ ಹಾಕಿದೆ. ಆ ಒಂದು ನಿಯಮವನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ.

ಆ ಗುರುವಾರ ಚಿಕ್ಕವಳ ಮನೆಗೆ ಹೋದೆ. ಗಾಯವಾದವರಿಗೆ ಉಳಿದವರ ಹೇಳಿಕೆಗಳನ್ನು ಓದಿ ತಿಳಿಸಬೇಕೆಂಬ ಪದ್ಧತಿ. ನಾಲ್ಕನೆಯ ಮಹಡಿ, ಎರಡು ಕೋಣೆ. ಕಿಟಕಿಯ ಪಕ್ಕ ಮಂಚದ ಮೇಲೆ ಅವಳು ಒರಗಿದ್ದಳು, ಮೊಣಕೈವರೆಗೂ ಬ್ಯಾಂಡೇಜು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ದೊಡ್ಡವಳು ಔಷಧಿ ತರಲು ಹೋಗಿದ್ದಳು. ನಾನು ಕನ್ನಡಕ ಏರಿಸಿ, ಕಾಗದದಲ್ಲಿದ್ದದ್ದನ್ನು ಪರ್ಷಿಯನ್‌ಗೆ ತಿರುಗಿಸಿ ಓದಿದೆ.

"ಅವಳೇ ಬಿಚ್ಚಿದ್ಲಾ?" ಎಂದಳು.

"ಇದರಲ್ಲಿ ಹಾಗೇ ಇದೆ."

"ಅವಳ ಬಾಯಿಂದಲೇ ಹೇಳಿದ್ಲಾ?"

"ಹೌದಮ್ಮ, ಅವರೇ ಹೇಳಿದ್ದು" ಎಂದೆ.

ಅವಳು ಗೋಡೆಯ ಕಡೆ ತಿರುಗಿದಳು. ಮೆಟ್ಟಿಲು ಇಳಿಯುವಾಗ ದೊಡ್ಡವಳು ಎದುರು ಬಂದಳು, ಒಂದು ಕೈಯಲ್ಲಿ ಔಷಧಿ, ಇನ್ನೊಂದರಲ್ಲಿ ಬ್ರೆಡ್ಡು. "ಇಷ್ಟು ದೂರ ಬಂದ್ರಿ, ಚಹಾ ಕುಡಿದು ಹೋಗಿ ಅಮ್ಮ" ಎಂದಳು. ಬೇರೆ ಕಡೆ ಕೆಲಸವಿದೆ ಎಂದು ಇಳಿದು ಬಂದೆ.

ಇದಾಗಿ ಮೂರು ವಾರವಾಗುತ್ತ ಬಂತು. ಆದೇಶ ಶುಕ್ರವಾರಕ್ಕೆ ಗೊತ್ತಾಗಿತ್ತು. ಅದಕ್ಕೆ ಮುಂಚಿನ ಬುಧವಾರ ಸಂಜೆ ನನ್ನ ಪರ್ಷಿಯನ್ ತರಗತಿ. ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ವಾರಕ್ಕೊಮ್ಮೆ ಪಾಠ ಮಾಡುತ್ತೇನೆ. ಇರುವವರೇ ಐದು ಜನ. ಅವರಲ್ಲಿ ಬಲು ಚುರುಕು ಒಬ್ಬ ಬಸ್ಸು ಡ್ರೈವರು. ಅವನ ದಾರಿಯಲ್ಲಿ ಪರ್ಷಿಯನ್ ಮಾತಾಡುವವರ ಮನೆಗಳು ಜಾಸ್ತಿ. "ಅವರು ನನ್ನನ್ನ ಬೈತಾರೋ ಹೊಗಳ್ತಾರೋ ಗೊತ್ತಾಗಬೇಕು ಟೀಚರ್" ಎಂದು ಸೇರಿಕೊಂಡಿದ್ದ.

ಅಂದಿನ ಪಾಠ ಅತ್ತೆ ಕಲಿಸಿದ ಅವೇ ನಾಲ್ಕು ಪದ. ನಮ್ಮಲ್ಲಿ 'ಬಂದಾಗ', 'ಬಂದ ಮೇಲೆ' ಎಂದು ಕೊನೆಯಲ್ಲಿ ಅಂಟಿಕೊಳ್ಳುವುದು ಅವರಲ್ಲಿ ವಾಕ್ಯದ ಮುಂದೆಯೇ ಬಂದು ನಿಲ್ಲುತ್ತದೆ ಎಂದು ಹೇಳಿದೆ. 'ಮೊದಲು' ಎನ್ನುವಾಗ ಮಾತ್ರ, ಆ ಕೆಲಸ ನಡೆದೇಹೋಗಿದ್ದರೂ, ಇನ್ನೂ ನಡೆಯದೆ ಇರುವ ರೂಪದಲ್ಲೇ ಹೇಳಬೇಕು ಎಂದೆ.

"ಆಗಿಹೋಗಿದೆಯಲ್ಲ ಟೀಚರ್, ಆಗಿಲ್ಲ ಅನ್ನೋ ಥರ ಯಾಕೆ ಹೇಳಬೇಕು?" ಎಂದು ಡ್ರೈವರು ಕೇಳಿದ.

"ಆ ಕ್ಷಣದಲ್ಲಿ ನಿಂತು ನೋಡಿದರೆ ಅದು ಇನ್ನೂ ಆಗಿಲ್ಲವಲ್ಲ, ಅದಕ್ಕೆ."

"ಹಾಗಾದ್ರೆ ಆಗ ತಡೀಬಹುದಿತ್ತು ಅಂತಾಯ್ತು."

"ಪಾಠ ಕೇಳಿ" ಎಂದೆ.

ಉದಾಹರಣೆ ಬೇಕಿತ್ತು. ಹೊಸದಾಗಿ ಯೋಚಿಸಲು ತಲೆಯಲ್ಲಿ ಏನೂ ಉಳಿದಿರಲಿಲ್ಲ. ನಾಲಿಗೆಯ ತುದಿಯಲ್ಲಿ ಸಿದ್ಧವಾಗಿದ್ದದ್ದು ಆ ಲಾಂಡ್ರಿಯ ಮಾತು, ಗಡಿಯಾರದಪ್ಪ ಮೆಚ್ಚಿದ್ದು. ಯಾರು, ಎಲ್ಲಿ ಎಂದು ಹೇಳದೆ, ಬಟ್ಟೆ ಕಟ್ಟುವ ಪದ್ಧತಿಯನ್ನಷ್ಟೇ ವಿವರಿಸಿ, ಇಡೀ ಸಾಲನ್ನು ಪರ್ಷಿಯನ್‌ನಲ್ಲಿ ಹಲಗೆಯ ಮೇಲೆ ಬರೆದೆ. ವಿಚಾರಣೆಯ ವಿಷಯ ಹೊರಗೆ ಆಡಬಾರದೆಂದು ಗೊತ್ತಿದ್ದೂ ಬರೆದೆ. ಅವರೆಲ್ಲ ತಲೆ ತಗ್ಗಿಸಿ ನಕಲು ಮಾಡಿಕೊಳ್ಳತೊಡಗಿದರು. ಡ್ರೈವರು ಮಾತ್ರ ಪೆನ್ನು ಕೆಳಗಿಟ್ಟ.

"ಟೀಚರ್, ಇದು ಆಗೋ ಮಾತಲ್ಲ."

"ಯಾಕೆ, ಎಲ್ಲಿ ತಪ್ಪಿದೆ?"

"ಬರೆದದ್ದರಲ್ಲಿ ತಪ್ಪಿಲ್ಲ. ಆದರೆ ಇವಳು ಬಂದವಳು ಬಿಚ್ಚಿದ್ಲು ಅಂತಿದೆ. ಬಿಚ್ಚಲ್ಲ ಟೀಚರ್. ನಮ್ಮ ಡಿಪೋದಲ್ಲೂ ಬಸ್ಸಿನ ಕೆಳಗೆ ಮೆಕ್ಯಾನಿಕ್ ಮಲಗಿದ್ರೆ ಸ್ಟೇರಿಂಗಿಗೆ ಬೋರ್ಡು ಹಾಕಿರ್ತಾನೆ. ಹತ್ತೊಂಬತ್ತು ವರ್ಷದಲ್ಲಿ ಇನ್ನೊಬ್ಬರ ಬೋರ್ಡು ನಾನು ಮುಟ್ಟಿಲ್ಲ. ಮುಟ್ಟೋಕೆ ಕೈಯೇ ಬರಲ್ಲ. ಅವಳು ನಿಜವಾಗಲೂ ಬಿಚ್ಚಿದ್ಲಾ, ಇಲ್ಲ ನೀವು ಪಾಠಕ್ಕೆ ಅಂತ ಸೇರಿಸಿದ್ರಾ?"

ಎಲ್ಲರೂ ನಕ್ಕರು. ನಾನು ನಗಲು ಬಾಯಿ ತೆರೆದವಳು ಹಾಗೆಯೇ ನಿಂತೆ. ಅವಳು ಬಿಚ್ಚಿದೆ ಎಂದದ್ದು ಯಾವಾಗ? ನೆನಪಿಸಿಕೊಂಡೆ. ಅಂದಿದ್ದಳು, ಖಂಡಿತ ಅಂದಿದ್ದಳು. "ಕಟ್ತೀವಿ, ಕೆಲಸ ಆದ ಮೇಲೆ ಬಿಚ್ತೀವಿ, ಬಿಚ್ಚಿದ ಮೇಲೆ ಎಳೀತೀವಿ." ಅದು ದಿನಾ ಹೇಗೆ ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಕೊಟ್ಟ ಉತ್ತರ. ಆ ದಿನದ ಬಗ್ಗೆ ಕೇಳಿದಾಗ ಅವಳು ಹೇಳಿದ್ದೇ ಬೇರೆ. "ನಾನು ಬಂದಾಗ ಹಿಡಿಕೆ ಖಾಲಿ ಇತ್ತು ಅಮ್ಮ, ಎಳೆದೆ." ಅಷ್ಟೇ. ಆಮೇಲೆ ಆ ಬುಟ್ಟಿ. ಕೈಗೆ ಕಟ್ಟಲು ಅವಳು ಕರವಸ್ತ್ರವನ್ನು ಹುಡುಕಿದ್ದಳು. ಬಿಚ್ಚಿದವಳು ತಾನೇ ಆಗಿದ್ದರೆ ಅದು ಅವಳ ಕೈಯಲ್ಲೋ ಜೇಬಿನಲ್ಲೋ ಇರುತ್ತಿತ್ತು, ಹುಡುಕುವುದೇಕೆ? ಬುಟ್ಟಿಯ ಮಾತು ಮುಖ್ಯವಲ್ಲವೆಂದು ನಾನು ಬಿಟ್ಟುಬಿಟ್ಟಿದ್ದೆ. ದಿನನಿತ್ಯದ್ದನ್ನು ತಂದು ಆ ದಿನದೊಳಗೆ ಹೊಲಿದುಬಿಟ್ಟಿದ್ದೆ.

ಆ ಹೆಂಗಸು ಮಾಡದ ಕೆಲಸವನ್ನು ಅವಳ ಕೈಯಲ್ಲಿ ನಾನು ಮಾಡಿಸಿದ್ದೆ. ಮತ್ತೆ ಅದನ್ನು ಅವಳ ವಾರಗಿತ್ತಿಯ ಮುಂದೆ ಕೂತು ನನ್ನ ಬಾಯಿಯಿಂದಲೇ ಓದಿದ್ದೆ. ನನಗೆ ನಾಚಿಕೆಯಾಯಿತು. ಹೆದರಿಕೆಯೂ ಆಯಿತು. ತಲೆನೋವು ಎಂದು ಹೇಳಿ ತರಗತಿ ಬಿಟ್ಟೆ. ಡ್ರೈವರು ಹಲಗೆ ಒರೆಸಿಕೊಟ್ಟು, "ನಾನೇನಾದ್ರೂ ಜಾಸ್ತಿ ಮಾತಾಡಿದ್ನಾ ಟೀಚರ್?" ಎಂದು ಕೇಳಿದ. ಇಲ್ಲ ಎಂದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಎಂಬತ್ತನಾಲ್ಕು ವರ್ಷ, ಕಿವಿ ಇನ್ನೂ ಚುರುಕು. ಬಟಾಣಿ ಬಿಡಿಸುತ್ತ ಕೇಳಿಸಿಕೊಂಡರು.

"ನಿಮ್ಮಿಂದಲೇ ಬಂದ ಅಭ್ಯಾಸ ಇದು" ಎಂದೆ. ಸಿಟ್ಟು ಯಾರ ಮೇಲಾದರೂ ತೀರಿಸಿಕೊಳ್ಳಬೇಕಿತ್ತು. "ಜೋಡಿಸಿ ಹೇಳು, ಜೋಡಿಸಿ ಹೇಳು ಅಂತ ಪ್ರಾಣ ತಿಂದಿದ್ದು ನೀವು."

"ಜೋಡಿಸು ಅಂದೆ. ಹುಟ್ಟಿಸು ಅಂದ್ನಾ?"

ನಾನೂ ಎರಡು ಬಟಾಣಿ ತೆಗೆದುಕೊಂಡು ಬಿಡಿಸತೊಡಗಿದೆ.

"ಈಗ ಹೋಗಿ ಹೇಳಿದ್ರೆ ನಿನಗೇನಾಗುತ್ತೆ?"

"ಪಟ್ಟಿಯಿಂದ ಹೆಸರು ತೆಗೀತಾರೆ. ಮತ್ತೆ ಯಾವ ಕಚೇರಿಯವರೂ ಕರೆಯಲ್ಲ. ಹೇಳದೇ ಇದ್ರೆ ಯಾರಿಗೂ ಗೊತ್ತಾಗಲ್ಲ ಅತ್ತೆ. ಚೀಟಿ ಕೂಡ ಇಲ್ಲ, ನಾನೇ ಹರಿದು ಹಾಕಿದ್ದೀನಿ."

ಅತ್ತೆ ಸಿಪ್ಪೆಗಳನ್ನು ಒಟ್ಟು ಮಾಡಿ ನನ್ನ ಕಡೆ ತಳ್ಳಿದರು. "ನಿನಗೆ ಸಾಕಾಗಿದೆ ಅಂತ ನನಗೆ ಗೊತ್ತು. ನನಗೂ ಸಾಕಾಗಿದೆ. ಹೋಗು, ಇದನ್ನ ಹೊರಗೆ ಹಾಕಿ ಬಾ" ಎಂದರು. ಕಚೇರಿಗೆ ಹೋಗೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ನನಗೆ ಯಾರಾದರೂ ಒಂದು ಹೇಳಿದ್ದರೆ ಸಾಕಿತ್ತು.

ಗುರುವಾರ ಬೆಳಿಗ್ಗೆ ಎದ್ದು ಮುಖ ತೊಳೆಯುವಾಗಲೂ ಹೋಗುವುದೋ ಬಿಡುವುದೋ ತೀರ್ಮಾನವಾಗಿರಲಿಲ್ಲ. ಬಸ್ಸು ಬಂತು, ಹತ್ತಿದೆ. ಧೈರ್ಯವೆಂದು ಯಾರೂ ತಿಳಿಯಬಾರದು. ಇದನ್ನು ಹೊತ್ತುಕೊಂಡು ಇನ್ನೊಬ್ಬರ ಮಾತು ದಾಟಿಸುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ, ಅಷ್ಟೇ.

ಗಡಿಯಾರದಪ್ಪ ನಾನು ಹೇಳಿದ್ದನ್ನು ಕೇಳಿ, ಮೊದಲ ಬಾರಿಗೆ ಗಡಿಯಾರ ಬಿಟ್ಟು ನನ್ನನ್ನು ನೋಡಿದ.

"ಮೇಡಂ, ಸಹಿ ಆಗಿದೆ. ಆದೇಶ ನಾಳೆ. ಆಕೆಗೆ ಓದಿ ಹೇಳಿದ್ದೀನಿ ಅಂತ ನೀವೂ ಕೆಳಗೆ ಸಹಿ ಮಾಡಿದ್ದೀರಿ."

"ಓದಿ ಹೇಳಲಿಲ್ಲ."

"ಇದನ್ನ ಬರೆದು ಕೊಟ್ರೆ ನಿಮ್ಮ ಹೆಸರು ಪಟ್ಟಿಯಲ್ಲಿ ಇರಲ್ಲ. ನಾನು ಇಡಬೇಕು ಅಂದ್ರೂ ಆಗಲ್ಲ."

"ಗೊತ್ತು. ಕಾಗದ ಕೊಡಿ."

ಬರೆದೆ. ಅದು ಮಾತ್ರ ಜಡೆ ಹೆಣೆದ ಹಾಗಿರಲಿಲ್ಲ. ಎರಡು ಕಡೆ ಹೊಡೆದುಹಾಕಿ, ಒಂದು ಕಡೆ ಬಾಣದ ಗುರುತು ಹಾಕಿ, ಬುಟ್ಟಿಯ ಮಾತನ್ನು ಅಂಚಿನಲ್ಲಿ ಸೇರಿಸಿ ಕೊಟ್ಟೆ. ಅವನು ಒಂದು ಲೋಟ ನೀರು ತರಿಸಿಕೊಟ್ಟ. ಅಷ್ಟು ವರ್ಷದಲ್ಲಿ ಆ ಕಚೇರಿಯಲ್ಲಿ ನನಗೆ ನೀರು ಬೇಕಾ ಎಂದು ಕೇಳಿದವರು ಯಾರೂ ಇರಲಿಲ್ಲ.

ಶುಕ್ರವಾರ ದೊಡ್ಡವಳನ್ನು ಮತ್ತೆ ಕೂರಿಸಿ ಕೇಳಿದರು. ದುಭಾಷಿಯ ಕುರ್ಚಿಯಲ್ಲಿ ಬೇರೆ ಒಬ್ಬಳು, ಐದು ವರ್ಷದ ಹಿಂದೆ ನನ್ನ ತರಗತಿಯಲ್ಲೇ ಕಲಿತವಳು. ನಾನು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ಚಿಕ್ಕವಳು ಕೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ದೊಡ್ಡವಳು ಈ ಸಲವೂ ಕಿರುಚಾಟದಿಂದಲೇ ಶುರು ಮಾಡಿದಳು. ಹೊಸ ಹುಡುಗಿ ಒಂದೊಂದೇ ಮಾತನ್ನು, ಹೇಗಿತ್ತೋ ಹಾಗೆ, ದಾಟಿಸುತ್ತ ಹೋದಳು. ಕೇಳಲು ಹಿಂಸೆಯಾಗುತ್ತಿತ್ತು. ಗಡಿಯಾರದಪ್ಪ ಎರಡು ಸಲ ತಲೆ ಕೆರೆದುಕೊಂಡ, ಆದರೆ ತಡೆಯಲಿಲ್ಲ. ಬುಟ್ಟಿಯ ಮಾತು ಬಂದಾಗ ಮಾತ್ರ ಕೈ ಎತ್ತಿ, "ಯಾವ ಬುಟ್ಟಿ?" ಎಂದ.

"ಮೇಲ್ವಿಚಾರಕರ ಬುಟ್ಟಿ. ಅದರಲ್ಲಿ ಇನ್ನೂ ಐದು ಕರವಸ್ತ್ರ ಇತ್ತು. ಎಲ್ಲಾ ನಮ್ಮವೇ."

ಮೇಲ್ವಿಚಾರಕ ಅಲ್ಲೇ ಇದ್ದ. ಅವಘಡದ ದಿನಕ್ಕೆ ಅವನು ಆ ಲಾಂಡ್ರಿಗೆ ಬಂದು ಒಂಬತ್ತು ದಿನವಾಗಿತ್ತಂತೆ. ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದ. "ಹೌದು ಸಾರ್, ನಾನೇ ತೆಗೆದೆ. ಅವತ್ತು ಹೋಟೆಲಿನವರು ನೋಡೋಕೆ ಬರೋರಿದ್ರು, ಅದಕ್ಕೆ ಎಲ್ಲಾ ಯಂತ್ರನೂ ಒಂದೇ ಸಲ ನಿಲ್ಲಿಸಿ ಸುಕ್ಕು ತೆಗೀತಿದ್ರು. ಎಲ್ಲಾ ಹಿಡಿಕೆ ಮೇಲೂ ಚಿಂದಿ ನೇತಾಡ್ತಾ ಇತ್ತು, ಚೆನ್ನಾಗಿ ಕಾಣಲ್ಲ ಅಂತ ತೆಗೆದು ಒಗೆಯೋಕೆ ಹಾಕಿದೆ. ಅದು ಗುರುತು ಅಂತ ನನಗೆ ಯಾರೂ ಹೇಳಲಿಲ್ಲ. ನನ್ನನ್ನ ಯಾರೂ ಕೇಳಲೂ ಇಲ್ಲ." ಕೇಳಲಿಲ್ಲ, ನಿಜ. ಬಿಚ್ಚಿದವಳು ಒಪ್ಪಿಕೊಂಡಿದ್ದಾಳೆ ಎಂದು ಕಾಗದದಲ್ಲಿ ಇರುವಾಗ ಯಾರು ಯಾರನ್ನು ಕೇಳುತ್ತಾರೆ.

ಮಧ್ಯಾಹ್ನಕ್ಕೆ ಮುಗಿಯಿತು. ದೊಡ್ಡವಳ ಮೇಲೆ ತಪ್ಪಿಲ್ಲ, ಮುರಿದ ಬಿಲ್ಲೆಗಳ ಬದಲು ಹೊಸವನ್ನು ಕೊಡದೆ ಇದ್ದದ್ದಕ್ಕೆ ಲಾಂಡ್ರಿಯವರು ಉತ್ತರ ಕೊಡಬೇಕು ಎಂದಾಯಿತು. ನಾನು ಯಾರಿಗೂ ಕಾಣದಂತೆ ಹೊರಟಿದ್ದೆ. ಮೊಗಸಾಲೆಯಲ್ಲಿ ದೊಡ್ಡವಳು ಬಂದು ಕೈ ಹಿಡಿದಳು.

"ಅಮ್ಮ, ನನ್ನ ತಲೆಯೇ ಕೆಟ್ಟಿತ್ತು. ನೀನೇ ಬಿಚ್ಚಿದ್ದು ಅಂತ ಕಾಗದದಲ್ಲಿದೆ ಅಂತ ಇವಳು ಹೇಳಿದ್ಲು. ಓದು ಬಂದವರು ಬರೆದಿದ್ದಾರೆ ಅಂದ ಮೇಲೆ ನಾನೇ ಬಿಚ್ಚಿರಬೇಕು ಅಂದ್ಕೊಂಡೆ. ದಿನಾ ಮಲಗಿದ್ರೆ ಸಾಕು, ಕೈಯಲ್ಲಿ ಆ ಗಂಟು ಬಿಚ್ತಾ ಇರ್ತಿದ್ದೆ. ಗಂಟು ಹೇಗಿತ್ತು ಅಂತಾನೂ ನೆನಪಾಗೋಕೆ ಶುರುವಾಗಿತ್ತು."

"ತಪ್ಪಾಯ್ತಮ್ಮ" ಎಂದೆ. ಇಪ್ಪತ್ತಮೂರು ವರ್ಷದಲ್ಲಿ ಎಷ್ಟೋ ಜನರ ಪರವಾಗಿ ಆ ಮಾತನ್ನು ಪರ್ಷಿಯನ್‌ನಲ್ಲಿ ಹೇಳಿದ್ದೆ. ನನ್ನ ಪರವಾಗಿ ಹೇಳಿದ್ದು ಅದೇ ಮೊದಲು, ನಾಲಿಗೆ ತೊದಲಿತು.

ಅವಳು ಬಸ್ಸು ನೋಡಲು ಮುಂದೆ ಹೋದಳು. ಚಿಕ್ಕವಳು ಅಲ್ಲೇ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ, ಸಿಟ್ಟಿನಲ್ಲೂ ಇರಲಿಲ್ಲ. ಬಹಳ ದಣಿದವಳ ಹಾಗೆ ಗೋಡೆಗೆ ಒರಗಿ ನನ್ನನ್ನು ನೋಡಿದಳು.

"ನೀವು ಬಂದು ಓದಿಹೋದ ದಿನದಿಂದ ಇಪ್ಪತ್ತೆರಡು ದಿನ" ಎಂದಳು. "ನನಗೆ ಕೈಯಿಲ್ಲ. ಅಕ್ಕನೇ ತುತ್ತು ಮಾಡಿ ತಿನ್ನಿಸ್ತಾ ಇದ್ಲು, ಮೂರು ಹೊತ್ತೂ. ತಲೆ ಬಾಚ್ತಾ ಇದ್ಲು. ಅವತ್ತು ಒಂದು ಸಲ 'ನೀನೇ ಬಿಚ್ಚಿದ್ದು' ಅಂದೆ, ಆಮೇಲೆ ಅವಳ ಹತ್ತಿರ ಒಂದು ಮಾತೂ ಆಡಲಿಲ್ಲ. ಬಾಯಿ ತೆಗೀತಿದ್ದೆ, ನುಂಗ್ತಿದ್ದೆ, ಗೋಡೆ ಕಡೆ ತಿರುಗ್ತಿದ್ದೆ. ಕೆಲಸ ಅವಳಿಗೆ ಉಳೀತು. ಆ ಇಪ್ಪತ್ತೆರಡು ದಿನ ನಾನು ಎಲ್ಲಿಂದ ತರ್ಲಿ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಹೊರಗೆ ದೊಡ್ಡವಳು ಬಸ್ಸು ಬಂತೆಂದು ಕೈ ಬೀಸಿದಳು. ಚಿಕ್ಕವಳು ಹೋದಳು, ಮೆಟ್ಟಿಲ ಬಳಿ ದೊಡ್ಡವಳು ಅವಳ ಒಳ್ಳೆಯ ಕೈ ಹಿಡಿದು ಇಳಿಸಿಕೊಂಡಳು. ಏನಾದರೂ ಮಾತಾಡಿಕೊಂಡರೋ ಇಲ್ಲವೋ ನನಗೆ ಕೇಳಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಷ್ಟು ಬೇಗ ಬಂದವಳನ್ನು ಕಂಡು ಅತ್ತೆ ಏನೂ ಕೇಳದೆ ಚಹಾಕ್ಕೆ ನೀರಿಟ್ಟರು. ಲೋಟ ನನ್ನ ಮುಂದಿಟ್ಟು, ಎದುರಿನ ಕುರ್ಚಿಯಲ್ಲಿ ನಿಧಾನವಾಗಿ ಕೂತು, "ಏನೇನಾಯ್ತು ಹೇಳು" ಎಂದರು.

ಅವಳು ಬಾಯಿ ತೆಗೆಯುತ್ತಿದ್ದಳಂತೆ, ನುಂಗುತ್ತಿದ್ದಳಂತೆ, ಗೋಡೆಯ ಕಡೆ ತಿರುಗುತ್ತಿದ್ದಳಂತೆ ಎಂದು ಶುರು ಮಾಡಿದೆ. ಯಾರು, ಯಾವಾಗ, ಯಾಕೆ, ಯಾವುದೂ ಇರಲಿಲ್ಲ. ಆಮೇಲೆ ಬುಟ್ಟಿ, ಆಮೇಲೆ ಆ ಒಂದು ಲೋಟ ನೀರು, ಆಮೇಲೆ ಮತ್ತೆ ತುತ್ತಿನ ಮಾತೇ ಬಂತು. ಅತ್ತೆ ಒಂದು ಸಲವೂ ತಡೆಯಲಿಲ್ಲ.